ಪದ ಪರಿಚಯ: ಕೋರಲ್ ಕಂಪೋಸರ್-ಕಂಡಕ್ಟರ್

ಹಲವರು ಕೂಡಿ ಹಾಡುವಾಗ ಎಲ್ಲರೂ ಒಂದೇ ಸ್ವರ ಹಿಡಿಯಬೇಕೆಂದೇನೂ ಇಲ್ಲ. ಪಾಶ್ಚಾತ್ಯ ಸಂಗೀತದ ಕ್ವಾಯರ್‌ನಲ್ಲಿ, ಅಂದರೆ ಗಾಯನವೃಂದದಲ್ಲಿ, ಹಾಡುವವರನ್ನು ಸಾಮಾನ್ಯವಾಗಿ ನಾಲ್ಕು ಗುಂಪು ಮಾಡುತ್ತಾರೆ. ಹೆಣ್ಣುದನಿಯಲ್ಲಿ ಮೇಲಿನದು ಸೊಪ್ರಾನೊ, ಕೆಳಗಿನದು ಆಲ್ಟೊ. ಗಂಡುದನಿಯಲ್ಲಿ ಮೇಲಿನದು ಟೆನರ್, ಕೆಳಗಿನದು ಬಾಸ್. ಪ್ರತಿ ಗುಂಪಿಗೂ ಅದರದೇ ಸ್ವರಗಳ ಸಾಲು. ನಾಲ್ಕೂ ಸಾಲು ಒಟ್ಟಿಗೆ ಕೇಳಿಸಿದಾಗ ಹಾರ್ಮನಿ ಹುಟ್ಟುತ್ತದೆ. ಈ ಸಾಲುಗಳನ್ನು ಬರೆಯುವವರು ಕೋರಲ್ ಕಂಪೋಸರ್. ಬರೆದದ್ದನ್ನು ಹಾಡುವವರಿಗೆ ಕಲಿಸಿ, ಎದುರಿಗೆ ನಿಂತು ಕೈಸನ್ನೆಯಲ್ಲೇ ನಡೆಸುವವರು ಕಂಡಕ್ಟರ್. ಎರಡನ್ನೂ ಒಬ್ಬರೇ ಮಾಡಿದರೆ ಕೋರಲ್ ಕಂಪೋಸರ್-ಕಂಡಕ್ಟರ್.

ಎರಡು ಬೇರೆ ಕೆಲಸಗಳನ್ನು ಒಬ್ಬರೇ ಹೊತ್ತುಕೊಂಡಿದ್ದಾರೆ ಅಂತ ಮೇಲುನೋಟಕ್ಕೆ ಅನಿಸುತ್ತದೆ. ನನ್ನ ಪ್ರಕಾರ ಇದು ಒಂದೇ ಕಸುಬು. ಪಿಯಾನೊಗೆ ಬರೆಯುವವರು ಉಸಿರಿನ ಯೋಚನೆ ಮಾಡಬೇಕಿಲ್ಲ, ಗಂಟಲಿಗೆ ಬರೆಯುವವರು ಮಾಡಲೇಬೇಕು. ತಾರಸ್ಥಾಯಿಯಲ್ಲಿ 'ಈ'ಕಾರವನ್ನು ಮೆಲ್ಲಗೆ ಹಾಡುವುದು ಸೊಪ್ರಾನೊಗಳಿಗೆ ಎಷ್ಟು ಕಷ್ಟ, ಬಾಸ್ ಗುಂಪು ಮಂದ್ರದಲ್ಲಿ ಎಲ್ಲಿಗೆ ಇಳಿದರೆ ದನಿಯೇ ಅಡಗಿಹೋಗುತ್ತದೆ, ಸಾಲಿನ ಕೊನೆಯ 'ಸ್' ಎಲ್ಲರ ಬಾಯಿಂದಲೂ ಒಂದೇ ಕ್ಷಣಕ್ಕೆ ಬರದಿದ್ದರೆ ಹೇಗೆ ಬುಸುಗುಟ್ಟಿದಂತೆ ಕೇಳಿಸುತ್ತದೆ, ಇವು ಕಾಗದದ ಮೇಲೆ ಕಾಣುವುದಿಲ್ಲ. ವಾದ್ಯವಿಲ್ಲದೆ ಹಾಡುವ ವೃಂದ ಹಾಡುತ್ತ ಹಾಡುತ್ತ ತನಗೇ ತಿಳಿಯದಂತೆ ಶ್ರುತಿ ಇಳಿಸಿಬಿಡುವುದೂ ಅಷ್ಟೇ. ರಿಹರ್ಸಲ್‌ನಲ್ಲಿ ಎದುರಿಗೆ ನಿಂತವರ ಕಿವಿಗೆ ಮಾತ್ರ ಇದೆಲ್ಲ ಬೀಳುತ್ತದೆ. ಮುಂದಿನ ಸಲ ಬರೆಯುವಾಗ ಅದು ಕೈಗೂ ಬರುತ್ತದೆ.

ಉಸಿರಿನದೇ ಒಂದು ಉಪಾಯ ನೋಡಿ. ಒಂದು ನಿಮಿಷ ಎಳೆಯಬೇಕಾದ ಸ್ವರವನ್ನು ಒಬ್ಬರಿಂದ ಹಿಡಿದಿಡಲು ಆಗದು, ಗುಂಪಿನಿಂದ ಆಗುತ್ತದೆ. ಪಕ್ಕದವರು ಉಸಿರು ತೆಗೆದುಕೊಳ್ಳುವಾಗ ತಾವು ತೆಗೆದುಕೊಳ್ಳದೆ, ಸ್ವರದ ನಡುವೆಯೇ ಮೆಲ್ಲಗೆ ಬಿಟ್ಟು ಮೆಲ್ಲಗೆ ಮತ್ತೆ ಸೇರಿಕೊಳ್ಳುತ್ತಾರೆ. ಇದಕ್ಕೆ ಸ್ಟ್ಯಾಗರ್ಡ್ ಬ್ರೀದಿಂಗ್ ಎನ್ನುತ್ತಾರೆ. ಕೇಳುವವರಿಗೆ ದನಿ ಎಲ್ಲೂ ಕಡಿಯುವುದಿಲ್ಲ. ಇದನ್ನು ನೆಚ್ಚಿಕೊಂಡೇ ಸಂಯೋಜಕರು ಅಷ್ಟು ಉದ್ದದ ಸ್ವರ ಬರೆಯುವ ಧೈರ್ಯ ಮಾಡುತ್ತಾರೆ.

ಇನ್ನು ಕಂಡಕ್ಟರ್ ಕೈ. ಬಲಗೈ ಹೆಚ್ಚಾಗಿ ತಾಳ ತೋರಿಸುತ್ತದೆ. ದನಿ ಏರಿಸಿ, ಇಳಿಸಿ, ಈಗ ನೀವು ಬನ್ನಿ, ಇಲ್ಲಿ ನಿಲ್ಲಿಸಿ ಎಂದೆಲ್ಲ ಹೇಳುವುದು ಎಡಗೈ. ಮೊದಲ ಪೆಟ್ಟಿಗೆ ಮುಂಚೆ ಕೈ ಮೇಲೆತ್ತುವಾಗ ಕಂಡಕ್ಟರ್ ಕೂಡ ಉಸಿರೆಳೆದುಕೊಳ್ಳುತ್ತಾರೆ, ವೃಂದವೂ ಅದೇ ಲಯದಲ್ಲಿ ಎಳೆದುಕೊಳ್ಳುತ್ತದೆ. ಹಾಡು ನಿಧಾನವೋ ಚುರುಕೋ, ಮೆದುವೋ ಗಟ್ಟಿಯೋ ಎಂಬುದು ಆ ಉಸಿರಿನಲ್ಲೇ ತೀರ್ಮಾನವಾಗಿರುತ್ತದೆ.

ಬರೆಯುವುದು, ಹಾಡಿಸುವುದು ಎರಡೂ ಒಬ್ಬರದೇ ಆಗಿರುವುದು ಹಳೆಯ ಪದ್ಧತಿ. ಜರ್ಮನಿಯ ಸಂಯೋಜಕ ಬಾಖ್ 1723ರಿಂದ 1750ರಲ್ಲಿ ತೀರಿಕೊಳ್ಳುವವರೆಗೂ ಲೈಪ್ಸಿಗ್‌ನ ಸಂತ ಥಾಮಸ್ ಚರ್ಚಿನಲ್ಲಿ ಈ ಎರಡೂ ಹೊಣೆ ಹೊತ್ತಿದ್ದ. ನಮ್ಮ ಕಾಲದ ಇಂಗ್ಲೆಂಡಿನಲ್ಲಿ ಸಂಯೋಜಕ ಜಾನ್ ರಟ್ಟರ್ 1981ರಲ್ಲಿ ಕೇಂಬ್ರಿಜ್ ಸಿಂಗರ್ಸ್ ಎಂಬ ವೃಂದವನ್ನೇ ಕಟ್ಟಿಕೊಂಡರು.

ಸಮಕಾಲೀನರಲ್ಲಿ ಇಂಥ ವೃತ್ತಿ ಹೇಗೆ ಬೆಳೆಯುತ್ತದೆ ಎಂದು ತಿಳಿಯಲು ಅಮೆರಿಕದ ಎರಿಕ್ ವಿಟಕರ್ ಅವರನ್ನು ನೋಡಬೇಕು. 1970ರಲ್ಲಿ ನೆವಾಡಾದ ರೀನೋ ನಗರದಲ್ಲಿ ಹುಟ್ಟಿದವರು. ಲಾಸ್ ವೇಗಸ್‌ನ ವಿಶ್ವವಿದ್ಯಾಲಯಕ್ಕೆ ಸೇರುವಾಗ ಅವರಿಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ, ಪಾಪ್ ಸ್ಟಾರ್ ಆಗುವ ಆಸೆಯಿತ್ತು. ಅಲ್ಲಿನ ಕ್ವಾಯರ್‌ನಲ್ಲಿ ಮೊದಲು ಹಾಡಿದ್ದು ತೀರಿಕೊಂಡವರಿಗಾಗಿ ಹಾಡುವ ಪ್ರಾರ್ಥನಾಗೀತವಾದ ಮೋಟ್ಸಾರ್ಟನ 'ರಿಕ್ವಿಯಂ'ನ ಕೀರಿಯೆ ಎಂಬ ಭಾಗ. ಬದುಕಿನ ದಿಕ್ಕು ಬದಲಾದದ್ದು ಅಲ್ಲೇ ಎಂದು ಅವರೇ ಹೇಳಿಕೊಂಡಿದ್ದಾರೆ. ಆಮೇಲೆ ನ್ಯೂಯಾರ್ಕ್‌ನ ಜೂಲಿಯಾರ್ಡ್ ಸಂಗೀತಶಾಲೆಯಲ್ಲಿ ಸಂಯೋಜಕ ಜಾನ್ ಕೊರಿಲಿಯಾನೊ ಅವರ ಬಳಿ ಕಲಿತರು.

ವಿಟಕರ್ ಸಂಗೀತದ ಗುರುತು ಕ್ಲಸ್ಟರ್. ಸ, ಗ, ಪ ಒಟ್ಟಿಗೆ ಹಾಡಿದರೆ ಕಿವಿಗೆ ಪರಿಚಿತವಾದ ಹಾರ್ಮನಿ. ನಡುವೆ ರಿ, ಮ ಕೂಡ ತುಂಬಿ ಒತ್ತೊತ್ತಾಗಿ ನಿಲ್ಲಿಸಿದರೆ ಕ್ಲಸ್ಟರ್. ಪಿಯಾನೊ ಮೇಲೆ ಒತ್ತಿ ನೋಡಿದರೆ ಒರಟಾಗಿ ಕೇಳಿಸಬಹುದು. ಅದನ್ನೇ ಎಂಟು ಭಾಗವಾದ ವೃಂದ ಕಂಪನವಿಲ್ಲದ ನೇರ ದನಿಯಲ್ಲಿ, ಮೆಲ್ಲಗೆ, ಶ್ರುತಿ ಬಿಡದೆ ಹಾಡಿದಾಗ ಸ್ವರಗಳು ಒಂದಕ್ಕೊಂದು ತಾಗಿ ಮಿನುಗುತ್ತವೆ. 2000ರಲ್ಲಿ ಅವರು ಬರೆದ 'ಲುಕ್ಸ್ ಔರುಮ್‌ಕ್ವೆ' ಕೇಳಿ, ಆರಂಭದಲ್ಲೇ ಇದು ಸಿಗುತ್ತದೆ. ಒಬ್ಬರ ಶ್ರುತಿ ಕೂದಲೆಳೆ ಸರಿದರೂ ಎಲ್ಲವೂ ಕಲಸಿಹೋಗುವುದರಿಂದ, ಇಂಥದ್ದನ್ನು ಬರೆಯಲು ಜಾಣ್ಮೆಗಿಂತ ಹಾಡುವವರ ಮೇಲಿನ ನಂಬಿಕೆ ಹೆಚ್ಚು ಬೇಕು. ಮೆಕ್ಸಿಕೊದ ಕವಿ ಒಕ್ಟಾವಿಯೊ ಪಾಸ್ ಅವರ ಸಾಲುಗಳಿಗೆ ಬರೆದ 'ಕ್ಲೌಡ್‌ಬರ್ಸ್ಟ್'ನಲ್ಲಂತೂ ಹಾಡುವವರೇ ಬೆರಳು ಚಿಟುಕಿಸಿ ಮಳೆ ಸುರಿಸುತ್ತಾರೆ. ಗುಡುಗಿಗೆ ತಗಡಿನ ಹಾಳೆ, ಜೊತೆಗೆ ಕೈಗಂಟೆ.

ಸಂಪಾದನೆ ಎಲ್ಲಿಂದ? ಮುಖ್ಯವಾಗಿ ಕಮಿಷನ್, ಅಂದರೆ ಒಂದು ವೃಂದವೋ ವ್ಯಕ್ತಿಯೋ ಹಣ ಕೊಟ್ಟು ಹೊಸ ಕೃತಿ ಬರೆಸುವುದು. ಬಳಿಕ ಪ್ರಕಾಶಕರು ಸ್ವರಲಿಪಿ ಅಚ್ಚು ಹಾಕುತ್ತಾರೆ, ಹಾಡುವ ಪ್ರತಿಯೊಬ್ಬರಿಗೂ ಒಂದೊಂದು ಪ್ರತಿ ಬೇಕು. ಧ್ವನಿಮುದ್ರಣ, ಅತಿಥಿ ಕಂಡಕ್ಟರ್ ಆಗಿ ಹೋಗುವುದು, ಸಂಸ್ಥೆಯೊಂದರಲ್ಲಿ ಕೆಲವು ವರ್ಷ ನಿವಾಸಿ ಕಲಾವಿದರಾಗಿರುವುದು ಇದರ ಜೊತೆಗೆ. ವಿಟಕರ್ ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ, ಆಮೇಲೆ ಲಾಸ್ ಏಂಜಲಿಸ್ ಮಾಸ್ಟರ್ ಕೊರಾಲ್ ಎಂಬ ವೃಂದದಲ್ಲಿ ಹಾಗೆ ಇದ್ದವರು. 'ಲೈಟ್ ಅಂಡ್ ಗೋಲ್ಡ್' ಆಲ್ಬಂಗೆ 2012ರಲ್ಲಿ ಗ್ರಾಮಿ ಪ್ರಶಸ್ತಿ ಬಂತು.

ಪದ್ಯದ ಹಕ್ಕುಸ್ವಾಮ್ಯ ಈ ವೃತ್ತಿಯ ದೊಡ್ಡ ತೊಡಕು. ತೀರಿಕೊಂಡ ತಂದೆತಾಯಿಯ ನೆನಪಿಗೆ ಗಾಯಕಿಯೊಬ್ಬರು ಬರೆಸಿದ ಕೃತಿಗೆ ವಿಟಕರ್ ಅಮೆರಿಕದ ಕವಿ ರಾಬರ್ಟ್ ಫ್ರಾಸ್ಟ್ ಅವರ ಕವಿತೆಯೊಂದನ್ನು ಬಳಸಿದ್ದರು. ಫ್ರಾಸ್ಟ್ ಕೃತಿಗಳ ಹಕ್ಕುದಾರರು ಅನುಮತಿ ಕೊಡಲಿಲ್ಲ. ಸಂಗೀತವನ್ನು ಎಸೆಯಲು ಮನಸ್ಸಾಗದೆ ಗೆಳೆಯ, ಕವಿ ಚಾರ್ಲ್ಸ್ ಆಂಟನಿ ಸಿಲ್ವೆಸ್ಟ್ರಿ ಅವರನ್ನು ಕೇಳಿದರು. ಅವರು ಅದೇ ಛಂದಸ್ಸಿಗೆ, ಫ್ರಾಸ್ಟ್ ಕವಿತೆಯಂತೆಯೇ ಕೊನೆಗೆ ನಿದ್ದೆಯ ಮಾತೇ ಬರುವಂತೆ ಹೊಸ ಪದ್ಯ ಕೂರಿಸಿಕೊಟ್ಟರು. ಇಂದು ಲೋಕವೆಲ್ಲ ಹಾಡುವ 'ಸ್ಲೀಪ್' ಅದೇ. ಸ್ವರ ಮೊದಲೇ ಇದ್ದು ಪದ ಆಮೇಲೆ ಬಂದ ಗುರುತು ಅದರಲ್ಲಿ ಎಲ್ಲೂ ಇಲ್ಲ, ನನಗೆ ಇಂದಿಗೂ ಅದೇ ಸೋಜಿಗ.

ಕ್ವಾಯರ್ ಲೋಕದ ಆಚೆಗೂ ವಿಟಕರ್ ಹೆಸರು ಮುಟ್ಟಿದ್ದು ವರ್ಚುವಲ್ ಕ್ವಾಯರ್‌ನಿಂದ. ತಾವು ಕಂಡಕ್ಟ್ ಮಾಡುವ ವಿಡಿಯೊ ಹಾಕಿದರು, ಜನ ತಂತಮ್ಮ ಮನೆಗಳಲ್ಲಿ ಅದನ್ನು ನೋಡುತ್ತ ಒಬ್ಬೊಬ್ಬರೇ ಹಾಡಿ ಕಳಿಸಿದರು. 2010ರ ಮೊದಲ ವಿಡಿಯೊದಲ್ಲಿ 12 ದೇಶಗಳ 185 ದನಿಗಳಿದ್ದವು. ಕೋವಿಡ್‌ನಿಂದ ಕೂಡಿ ಹಾಡುವುದೇ ನಿಂತುಹೋದ 2020ರಲ್ಲಿ 'ಸಿಂಗ್ ಜೆಂಟ್ಲಿ' ಹಾಡಿಗೆ 129 ದೇಶಗಳಿಂದ 17,572 ಮಂದಿ ಸೇರಿಕೊಂಡರು. ಆದರೆ ಇಲ್ಲಿ ಕಂಡಕ್ಟರ್ ಕೈ ತೋರಿಸಬಹುದೇ ಹೊರತು ಕೇಳಿಸಿಕೊಂಡು ತಿದ್ದಲಾರರು. ಹಾಡುವವರಿಗೂ ಪಕ್ಕದವರ ದನಿ ಕೇಳಿಸದು. ಯಾವ ದನಿ ಎಷ್ಟಿರಬೇಕು, ಯಾವ 'ಸ್' ಎಲ್ಲಿ ಬೀಳಬೇಕು ಎಂದು ಹೊಂದಿಸಿದ್ದು ಆಮೇಲೆ, ಕಂಪ್ಯೂಟರ್ ಮುಂದೆ ಕೂತ ಧ್ವನಿ ಸಂಕಲನಕಾರರು.