ಓರ್ಸೇ: ಪ್ಯಾರಿಸ್ ಪಕ್ಕದ ವಿಜ್ಞಾನದ ಊರು

ಪ್ಯಾರಿಸ್‌ನ ನೈರುತ್ಯಕ್ಕೆ, ಇವೆಟ್ ಎಂಬ ಸಣ್ಣ ನದಿಯ ಕಣಿವೆಯಲ್ಲಿ ಓರ್ಸೇ ಇದೆ. ಈ ಊರಿಗೆ ವಿಜ್ಞಾನ ಬಂದದ್ದು ಜಾಗ ಹುಡುಕಿಕೊಂಡು. 1950ರ ದಶಕದ ಹೊತ್ತಿಗೆ ಪ್ಯಾರಿಸ್ಸಿನ ಪ್ರಯೋಗಾಲಯಗಳು ಕಿಕ್ಕಿರಿದಿದ್ದವು, ದೊಡ್ಡ ಕಣ ವೇಗವರ್ಧಕ ಕೂರಿಸಲು ಅಲ್ಲಿ ಎಡೆಯೇ ಇರಲಿಲ್ಲ. ಮೇರಿ ಕ್ಯೂರಿಯ ಮಗಳು, ವಿಜ್ಞಾನಿ ಐರೀನ್ ಜೋಲಿಯೋ-ಕ್ಯೂರಿ ಪಟ್ಟು ಹಿಡಿದು ಓರ್ಸೇಯಲ್ಲಿ ಪರಮಾಣು ಬೀಜ ಭೌತವಿಜ್ಞಾನದ ಪ್ರಯೋಗಾಲಯಕ್ಕೆ ದಾರಿ ಮಾಡಿದರು. 1956ರಲ್ಲಿ ಅವರು ತೀರಿಕೊಂಡ ಮೇಲೆ ಪತಿ ಫ್ರೆಡೆರಿಕ್ ಆ ಕೆಲಸ ಮುಂದುವರಿಸಿದರು. 1958ರಲ್ಲಿ ಅವರೂ ಇಲ್ಲವಾದರು. ಇದನ್ನು ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಓರ್ಸೇಯಲ್ಲಿ ಒಳ್ಳೆಯ ವೇಗವರ್ಧಕ ಯಂತ್ರ ಇದೆ ಎಂಬ ಕಾರಣಕ್ಕೇ 1962ರಲ್ಲಿ ಇಟಲಿಯ ಫ್ರಾಸ್ಕಾಟಿಯಿಂದ ‘ಆಡಾ’ ಎಂಬ ಪುಟ್ಟ ಸಂಗ್ರಹ ಉಂಗುರವನ್ನು (ಕಣಗಳನ್ನು ಸುತ್ತು ಹೊಡೆಸುತ್ತ ಹಿಡಿದಿಡುವ ಯಂತ್ರ) ಇಲ್ಲಿಗೆ ಹೊತ್ತು ತಂದರು. ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣವಾದ ಪಾಸಿಟ್ರಾನ್ ಎದುರುಬದುರಾಗಿ ಡಿಕ್ಕಿ ಹೊಡೆಯುವುದು ಮೊದಲು ಕಂಡದ್ದು ಓರ್ಸೇಯಲ್ಲೇ. ಆಲ್ಬರ್ಟ್ ಫೆರ್ ತಂಡ 1988ರಲ್ಲಿ ದೈತ್ಯ ಕಾಂತರೋಧವನ್ನು, ಅಂದರೆ ತೆಳು ಲೋಹದ ಪದರಗಳ ವಿದ್ಯುತ್ ರೋಧ ಕಾಂತಕ್ಷೇತ್ರದಿಂದ ಬಹಳವಾಗಿ ಬದಲಾಗುವುದನ್ನು, ಗುರುತಿಸಿದ್ದೂ ಇಲ್ಲಿಯೇ. ಹಾರ್ಡ್ ಡಿಸ್ಕ್‌ಗಳಲ್ಲಿ ಮಾಹಿತಿ ಓದುವ ವಿಧಾನವನ್ನೇ ಅದು ಬದಲಿಸಿತು.

ನಾವು ನಿಧಾನವಾಗಿ ಓದಬೇಕಾದದ್ದು ಭೌತವಿಜ್ಞಾನಿ ಅಲೇನ್ ಆಸ್ಪೆ ಇದೇ ಓರ್ಸೇಯಲ್ಲಿ ನಡೆಸಿದ 1982ರ ಪ್ರಯೋಗ. ಲೇಸರ್‌ನಿಂದ ಉದ್ರೇಕಗೊಂಡ ಕ್ಯಾಲ್ಸಿಯಂ ಪರಮಾಣು ಎರಡು ಫೋಟಾನ್‌ಗಳನ್ನು (ಬೆಳಕಿನ ಕಣಗಳನ್ನು) ಹೊರಬಿಡುತ್ತದೆ, ಒಂದು ಹಸಿರು, ಒಂದು ನೇರಳೆ. ಅವು ವಿರುದ್ಧ ದಿಕ್ಕಿಗೆ ಹೋಗಿ ತಲಾ ಆರು ಮೀಟರ್ ದೂರದ ಧ್ರುವಕಗಳನ್ನು, ಅಂದರೆ ಬೆಳಕನ್ನು ಅದರ ಕಂಪನದ ದಿಕ್ಕಿನಂತೆ ಬೇರ್ಪಡಿಸುವ ಸಾಧನಗಳನ್ನು, ಮುಟ್ಟುತ್ತವೆ. ಒಂದು ಕಡೆಯ ಸುದ್ದಿ ಇನ್ನೊಂದು ಕಡೆಗೆ ತಲುಪಲು ಬೆಳಕಿಗೂ 40 ನ್ಯಾನೊಸೆಕೆಂಡ್ ಬೇಕು. ಆಸ್ಪೆ ತಂಡ ಸುಮಾರು 10 ನ್ಯಾನೊಸೆಕೆಂಡಿಗೊಮ್ಮೆ ಫೋಟಾನ್‌ನ ದಾರಿ ಬದಲಿಸಿತು. ಅದಕ್ಕೆ ಬಳಸಿದ್ದು ನೀರಿನಲ್ಲಿ ಎಬ್ಬಿಸಿದ ಶ್ರವಣಾತೀತ ಅಲೆ! ಆ ಅಲೆ ಏರಿಳಿದಂತೆ ಬೆಳಕು ಒಮ್ಮೆ ನೇರ ಹೋಗಿ ಒಂದು ಧ್ರುವಕ ಸೇರುತ್ತದೆ, ಮರುಗಳಿಗೆ ಬಾಗಿ ಇನ್ನೊಂದನ್ನು ಸೇರುತ್ತದೆ. ಹೀಗೆ ಮಾಡಿದರೂ ಎರಡೂ ಕಡೆಯ ಫಲಿತಾಂಶಗಳ ಹೊಂದಾಣಿಕೆ ಬೆಲ್ ಅಸಮಾನತೆಯ ಮಿತಿಯನ್ನು ಮೀರಿತು; ಫಲಿತಾಂಶಗಳು ಮೊದಲೇ ನಿಗದಿಯಾಗಿದ್ದು, ಒಂದು ಕಡೆಯದು ಇನ್ನೊಂದನ್ನು ತಟ್ಟದಿದ್ದರೆ ಹೊಂದಾಣಿಕೆ ಎಷ್ಟರವರೆಗೆ ಇರಬಹುದು ಎಂದು ಹೇಳುವ ಮಿತಿ ಅದು. ಹೀಗೆ ಮೀರುತ್ತದೆ ಎಂದೇ ಕ್ವಾಂಟಂ ಸಿದ್ಧಾಂತ ಹೇಳಿತ್ತು. 2022ರಲ್ಲಿ ಆಸ್ಪೆ ನೊಬೆಲ್ ಹಂಚಿಕೊಂಡರು.

ಈ ಪ್ರಯೋಗದ ಬಗ್ಗೆ ಬರೆಯುವಾಗ ಎರಡು ವಿಷಯ ಬಿಡಬೇಡಿ. ಇದರಿಂದ ಬೆಳಕಿಗಿಂತ ವೇಗವಾಗಿ ಸಂದೇಶ ಕಳಿಸಲಾಗದು, ಏಕೆಂದರೆ ಒಂದೇ ಕಡೆಯ ಫಲಿತಾಂಶವನ್ನಷ್ಟೇ ನೋಡಿದರೆ ಅದರಲ್ಲಿ ಯಾವ ಕ್ರಮವೂ ಕಾಣುವುದಿಲ್ಲ. ಇನ್ನೊಂದು, ನೀರಿನ ಅಲೆಯ ಬದಲಾವಣೆಗೆ ಒಂದು ಲಯವಿತ್ತು, ಅದು ಪೂರ್ತಿ ಯಾದೃಚ್ಛಿಕವಲ್ಲ. ಆ ಕೊರತೆ ನೀಗಿಸಿಕೊಂಡ ಪ್ರಯೋಗಗಳು ಬೇರೆ ಊರುಗಳಲ್ಲಿ ಆಮೇಲೆ ನಡೆದವು.