ಓದುಗರ ಪ್ರಶ್ನೆ: ಹದಿನೆಂಟು ವರ್ಷ ಸಿನಿಮಾದಲ್ಲಿ ದುಡಿದರೂ ಸಿಗದ ಹೆಸರು ಲೂಸಿಲ್ ಬಾಲ್‌ಗೆ ಟಿವಿಯಲ್ಲಿ ಸಿಕ್ಕಿದ್ದು ಹೇಗೆ?

ಹಳೇ ಹಾಲಿವುಡ್‌ನ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಈ ಪ್ರಶ್ನೆ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. 'ಐ ಲವ್ ಲೂಸಿ' ಅನ್ನೋ ಅಮೆರಿಕದ ಟಿವಿ ಹಾಸ್ಯ ಧಾರಾವಾಹಿ ನೋಡಿದವರಿಗೆ ಈಕೆ ನಗಿಸೋಕೇ ಹುಟ್ಟಿದವರು ಅನ್ನಿಸುತ್ತದೆ. ಹಾಗಿದ್ದರೆ ಅದಕ್ಕೂ ಮೊದಲು ಅಷ್ಟೊಂದು ಸಿನಿಮಾ ಮಾಡಿದಾಗ ಅದು ಯಾರ ಕಣ್ಣಿಗೂ ಬೀಳಲಿಲ್ವಾ?

ನನಗೆ ಕಾಣುವ ಉತ್ತರ ಇಷ್ಟೇ: ಸಿನಿಮಾ ಸೆಟ್ಟಿನಲ್ಲಿ ಎದುರಿಗೆ ಜನ ಇರಲಿಲ್ಲ.

ಲೂಸಿಲ್ ಹುಟ್ಟಿದ್ದು 1911ರಲ್ಲಿ, ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನ್‌ನಲ್ಲಿ. ಅಪ್ಪ ಟೈಫಾಯ್ಡ್‌ನಿಂದ ತೀರಿಕೊಂಡಾಗ ಮಗುವಿಗೆ ಮೂರು ವರ್ಷ. ಹದಿಹರೆಯದಲ್ಲಿ ನಟನೆ ಕಲಿಯಲು ನ್ಯೂಯಾರ್ಕ್‌ಗೆ ಹೋದರೆ ಶಾಲೆಯವರು ಕೈಲಾಗದ ಹುಡುಗಿ ಅಂತ ಮನೆಗೆ ಕಳಿಸಿದರು. ಆಮೇಲೆ ಮಾಡೆಲಿಂಗ್. 1933ರಲ್ಲಿ ಹಾಲಿವುಡ್‌ಗೆ ಬಂದದ್ದು ಗುಂಪಿನಲ್ಲಿ ನಿಲ್ಲುವ ಚೆಂದದ ಹುಡುಗಿಯರಲ್ಲಿ ಒಬ್ಬಳಾಗಿ. ಟೈಟಲ್ ಕಾರ್ಡ್‌ನಲ್ಲಿ ಹೆಸರೂ ಇಲ್ಲ.

ಮುಂದಿನದ್ದು ಆರ್‌ಕೆಓ ಸ್ಟುಡಿಯೋದ ವರ್ಷಗಳು. 'ಸ್ಟೇಜ್ ಡೋರ್' ಸಿನಿಮಾದಲ್ಲಿ ಕ್ಯಾಥರೀನ್ ಹೆಪ್‌ಬರ್ನ್, ಜಿಂಜರ್ ರೋಜರ್ಸ್ ಪಕ್ಕ ಒಂದು ಪಾತ್ರ ಸಿಕ್ಕಿತು. 'ದಿ ಬಿಗ್ ಸ್ಟ್ರೀಟ್'ನಲ್ಲಿ ಹೆನ್ರಿ ಫೋಂಡಾ ಜೊತೆ ಗಂಭೀರ ಪಾತ್ರವನ್ನೂ ಚೆನ್ನಾಗಿಯೇ ಮಾಡಿದರು. ಆದರೂ ಅಂಟಿಕೊಂಡ ಅಡ್ಡಹೆಸರು 'ಬಿ ಸಿನಿಮಾಗಳ ರಾಣಿ', ಅಂದರೆ ಕಡಿಮೆ ಖರ್ಚಿನ ಸಿನಿಮಾಗಳ ರಾಣಿ. ಆಮೇಲೆ ಹೋದದ್ದು ಎಂಜಿಎಂ ಸ್ಟುಡಿಯೋಗೆ. ಅಲ್ಲಿ ಕೂದಲಿಗೆ ಬೆಂಕಿಯಂಥ ಕೆಂಪು ಬಣ್ಣ ಹಚ್ಚಿದರು. ತಮಾಷೆ ನೋಡಿ, ಆ ಕೂದಲು ಜಗತ್ತಿಗೆಲ್ಲ ಗೊತ್ತಾಗಿದ್ದು ಕಪ್ಪು ಬಿಳುಪು ಟಿವಿಯಿಂದ!

ಸ್ಟುಡಿಯೋಗಳಿಗೆ ಬೇಕಿದ್ದದ್ದು ಆ ಮುಖ. ಅದನ್ನು ಚೆಂದ ತೋರಿಸಿದರೆ ಅವರ ಕೆಲಸ ಮುಗಿಯಿತು. ಆ ಮುಖ ಸೊಟ್ಟಗಾದರೆ ಎಷ್ಟು ನಗು ಬರುತ್ತದೆ ಅಂತ ಯಾರೂ ಯೋಚಿಸಲಿಲ್ಲ. ಎಂಜಿಎಂನಲ್ಲಿ ಮೂಲೆಗುಂಪಾಗಿದ್ದ ಮೂಕಿ ಕಾಲದ ದೊರೆ ಬಸ್ಟರ್ ಕೀಟನ್ ಒಬ್ಬರಿಗೆ ಮಾತ್ರ ಅದು ಹೊಳೆದಿತ್ತು. ಕೈಗೆ ಸಿಕ್ಕ ಸಾಮಾನಿನಲ್ಲೇ ನಗು ಹುಟ್ಟಿಸೋದು ಹೇಗೆ ಅಂತ ಲೂಸಿಲ್‌ಗೆ ಹೇಳಿಕೊಟ್ಟವರು ಅವರು.

ತಿರುವು ಬಂದದ್ದು 1948ರಲ್ಲಿ, ಅದೂ ರೇಡಿಯೋದಿಂದ. ಸಿಬಿಎಸ್ ಪ್ರಸಾರ ಸಂಸ್ಥೆಯ 'ಮೈ ಫೇವರಿಟ್ ಹಸ್ಬೆಂಡ್' ಅನ್ನೋ ಹಾಸ್ಯ ಕಾರ್ಯಕ್ರಮ. ಅದನ್ನು ಜನರ ಎದುರೇ ನಡೆಸುತ್ತಿದ್ದರು. ಮೊದಮೊದಲು ಲೂಸಿಲ್ ಸುಮ್ನೆ ಕಾಗದ ನೋಡಿ ಓದುತ್ತಿದ್ದರು. ನಿರ್ಮಾಪಕ ಜೆಸ್ ಓಪನ್‌ಹೈಮರ್, ಲೂಸಿಲ್ ಅವರನ್ನು ಹಾಸ್ಯಗಾರ ಜಾಕ್ ಬೆನಿಯ ಕಾರ್ಯಕ್ರಮ ನೋಡಿ ಬನ್ನಿ ಅಂತ ಕಳಿಸಿದರು. ಅಲ್ಲಿ ಬೆನಿ ಮೈಕ್ ಮುಂದೆ ನಿಂತೇ ಜನರನ್ನು ನೋಡುತ್ತ, ಅವರ ನಗು ಮುಗಿಯೋವರೆಗೂ ಕಾಯುತ್ತಿದ್ದರು. ನೋಡಿ ಬಂದ ಮೇಲೆ ಲೂಸಿಲ್ ಬೇರೆಯೇ ಆದರು. ರೇಡಿಯೋದಲ್ಲೂ ಮೂತಿ ತಿರುಗಿಸಿ, ಕೈಕಾಲು ಆಡಿಸಿ ಎದುರಿದ್ದವರನ್ನು ನಗಿಸತೊಡಗಿದರು.

ಇದನ್ನೇ ಟಿವಿಗೆ ತರೋಣ ಅಂದಿತು ಸಿಬಿಎಸ್. ಗಂಡನ ಪಾತ್ರ ನನ್ನ ಗಂಡನಿಗೇ ಕೊಡಿ ಅಂದರು ಲೂಸಿಲ್. ಗಂಡ ದೇಸಿ ಅರ್ನಾಸ್ ಕ್ಯೂಬಾದ ಬ್ಯಾಂಡ್ ಹಾಡುಗಾರ. ಅಮೆರಿಕದ ಹೆಂಗಸಿಗೆ ಇಂಥ ಗಂಡ ಅಂದರೆ ಜನ ಒಪ್ಪಲ್ಲ ಅಂತ ಚಾನೆಲ್‌ನವರಿಗೆ ಅಳುಕು. ಇಬ್ಬರೂ ಊರೂರು ಸುತ್ತಿ ವೇದಿಕೆ ಮೇಲೆ ಆಡಿ ತೋರಿಸಿದರು. ಜನ ಒಪ್ಪಿದರು.

ಇನ್ನೊಂದು ಜಗಳ ಬಾಕಿ ಇತ್ತು. ಆಗಿನ ಟಿವಿ ಕಾರ್ಯಕ್ರಮಗಳೆಲ್ಲ ಜಾಸ್ತಿ ನ್ಯೂಯಾರ್ಕ್‌ನಿಂದ ನೇರಪ್ರಸಾರ. ಈ ದಂಪತಿಗೆ ಹಾಲಿವುಡ್ ಬಿಡೋಕೆ ಇಷ್ಟವಿಲ್ಲ. ಹಾಗಾದರೆ ಫಿಲ್ಮ್‌ನಲ್ಲಿ ತೆಗೆಯೋಣ, ಆದರೆ ಜನರ ಎದುರೇ ತೆಗೆಯೋಣ ಅಂತಾಯಿತು. 'ಮೆಟ್ರೊಪೊಲಿಸ್' ಸಿನಿಮಾಕ್ಕೆ ಕ್ಯಾಮೆರಾ ಹಿಡಿದಿದ್ದ ಕಾರ್ಲ್ ಫ್ರಾಯ್ಂಡ್ ಬಂದರು. ಮೂರು ಕ್ಯಾಮೆರಾ ಒಟ್ಟಿಗೇ ಓಡುವ ಹಾಗೆ ಬೆಳಕು ಹೊಂದಿಸಿದರು. ಮೂರು ಕ್ಯಾಮೆರಾ ಇವರೇ ಕಂಡುಹಿಡಿದದ್ದು ಅಂತ ಎಲ್ಲೆಲ್ಲೂ ಬರೆದಿರುತ್ತಾರೆ. ಹಾಗೇನಿಲ್ಲ, ಇವರಿಗಿಂತ ಮೊದಲೂ ಕೆಲವರು ಪ್ರಯತ್ನಿಸಿದ್ದರು. ಇವರು ಅದನ್ನು ಪಕ್ಕಾ ಮಾಡಿದರು. ಖರ್ಚು ಏರಿತು. ಅದಕ್ಕೆ ಗಂಡ ಹೆಂಡತಿ ವಾರಕ್ಕೆ 1000 ಡಾಲರ್ ಸಂಬಳ ಬಿಟ್ಟುಕೊಟ್ಟು, ಬದಲಿಗೆ ಆ ಫಿಲ್ಮ್‌ಗಳ ಮಾಲೀಕತ್ವ ಕೇಳಿ ಪಡೆದರು. ಒಮ್ಮೆ ತೋರಿಸಿದ ಕಂತನ್ನು ಮತ್ತೆ ಯಾರು ನೋಡ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದ ಕಾಲ ಅದು.

15 ಅಕ್ಟೋಬರ್ 1951ರಂದು 'ಐ ಲವ್ ಲೂಸಿ'ಯ ಮೊದಲ ಕಂತು ಬಂತು. ಅಲ್ಲಿಂದ 1957ರವರೆಗೆ 180 ಕಂತು.

ಒಂದೇ ಒಂದು ನೋಡುವುದಾದರೆ 1952ರ ಟಾನಿಕ್ ಜಾಹೀರಾತಿನ ಕಂತು ನೋಡಿ. ಲೂಸಿ ಟಾನಿಕ್ ಹೊಗಳಿ, ಒಂದು ಚಮಚ ಕುಡಿದು, ನಗಬೇಕು. ಮೊದಲ ಸಲ ಕುಡಿದಾಗ ಕಣ್ಣು, ಮೂಗು, ತುಟಿ ಒಂದೊಂದು ದಿಕ್ಕಿಗೆ ಓಡುತ್ತವೆ. ಅವನ್ನೆಲ್ಲ ಒಂದೊಂದಾಗಿ ಹಿಡಿದು ತಂದು ನಗುವಿನ ಜಾಗದಲ್ಲಿ ಕೂರಿಸುತ್ತಾಳೆ. ಟಾನಿಕ್‌ನಲ್ಲಿ ಶೇ 23 ಆಲ್ಕೋಹಾಲ್ ಇದೆ ಅಂತ ಅವಳಿಗೆ ಗೊತ್ತಿಲ್ಲ. ರಿಹರ್ಸಲ್ ಮೇಲೆ ರಿಹರ್ಸಲ್. ಅದೇ ಸಾಲುಗಳು, ಒಂದೊಂದು ಸಲಕ್ಕೂ ನಾಲಿಗೆ ಇನ್ನಷ್ಟು ಜಾರುತ್ತದೆ. ಜನರ ನಗು ಏರಿದಾಗ ಲೂಸಿಲ್ ನಿಲ್ಲುತ್ತಾರೆ, ಇಳಿಯುವ ಹೊತ್ತಿಗೆ ಸರಿಯಾಗಿ ಮುಂದಿನ ತಪ್ಪು ಮಾಡುತ್ತಾರೆ. ಕಂಪನಿ ನಾಟಕ ನೋಡಿದವರಿಗೆ ಈ ಲೆಕ್ಕಾಚಾರ ಚೆನ್ನಾಗಿ ಗೊತ್ತು. ಖಾಲಿ ಸೆಟ್ಟಿನಲ್ಲಿ ಅದು ಯಾರಿಗೂ ಸಾಧ್ಯವಿಲ್ಲ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ದೇಸಿಲು ಅನ್ನೋ ಅವರ ಕಂಪನಿ, ಅದೇ ಹಳೇ ಆರ್‌ಕೆಓ ಸ್ಟುಡಿಯೋವನ್ನೇ ಕೊಂಡಿತು. 1960ರಲ್ಲಿ ವಿಚ್ಛೇದನ. 1962ರಲ್ಲಿ ಲೂಸಿಲ್ ಗಂಡನ ಪಾಲನ್ನೂ ಕೊಂಡು ತಾವೇ ಮುಖ್ಯಸ್ಥೆಯಾದರು. 'ಸ್ಟಾರ್ ಟ್ರೆಕ್' ಟಿವಿ ಸರಣಿ ಶುರುವಾಗಿದ್ದು ಅವರ ಆಡಳಿತದಲ್ಲೇ. 1967ರಲ್ಲಿ ಕಂಪನಿಯನ್ನು 1.7 ಕೋಟಿ ಡಾಲರ್‌ಗೆ ಮಾರಿದರು. ಸಿನಿಮಾ ಮಾತ್ರ ಕೊನೆವರೆಗೂ ಪೂರ್ತಿ ಒಲಿಯಲಿಲ್ಲ. 1968ರ 'ಯುವರ್ಸ್, ಮೈನ್ ಆ್ಯಂಡ್ ಅವರ್ಸ್' ಚೆನ್ನಾಗಿ ಓಡಿತು, 1974ರ 'ಮೇಮ್' ಮಕಾಡೆ ಮಲಗಿತು.

ನನ್ನ ವಾದಕ್ಕೆ ಅಡ್ಡ ಬರುವ ಒಂದು ಸಂಗತಿಯೂ ಇದೆ. 1986ರ 'ಲೈಫ್ ವಿತ್ ಲೂಸಿ' ಟಿವಿ ಕಾರ್ಯಕ್ರಮದಲ್ಲೂ ಎದುರಿಗೆ ಜನ ಇದ್ದರು. ಹಳೇ ಬರಹಗಾರರೂ ಇದ್ದರು. ಎಂಟೇ ಕಂತಿಗೆ ನಿಂತುಹೋಯಿತು. 75 ವರ್ಷದ ಅಜ್ಜಿ ಬಿದ್ದು ಎದ್ದು ಮಾಡಿದರೆ ನಗೋದಕ್ಕಿಂತ ಮೊದಲು ಭಯವಾಗುತ್ತದೆ, ಅಲ್ವಾ?

'ಐ ಲವ್ ಲೂಸಿ' ನೋಡುವಾಗ ಕಿವಿ ಸ್ವಲ್ಪ ಚುರುಕಾಗಿರಲಿ. ಲೂಸಿ ಏನೋ ಎಡವಟ್ಟಿಗೆ ಕೈ ಹಾಕುವಾಗ ಪ್ರೇಕ್ಷಕರ ನಡುವಿನಿಂದ ಒಂದು ಹೆಣ್ಣು ದನಿ 'ಅಹ್-ಓ' ಅನ್ನುತ್ತದೆ. ಅದು ಲೂಸಿಲ್ ಅವರ ಅಮ್ಮ ಡೀಡೀ. ಶೂಟಿಂಗ್ ಇದ್ದಾಗಲೆಲ್ಲ ಬಂದು ಕೂರುತ್ತಿದ್ದರು.