‘ಬೇರಿಂಗ್’: ಯಂತ್ರದಲ್ಲೂ ಮಾತಿನಲ್ಲೂ ಭಾರ

ಚಿಕ್ಕಮಗಳೂರಿನ ಕಡೆ ಬೇರಿಂಗ್ ಅಂದರೆ ನೆನಪಾಗುವುದು ಜೀಪಿನದ್ದು, ಇಲ್ಲವೇ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ನದ್ದು. ಅದೇ ಪದ ಇಂಗ್ಲಿಷ್ ವರದಿಯಲ್ಲೋ ಕೋರ್ಟಿನ ತೀರ್ಪಿನಲ್ಲೋ ‘ಹ್ಯಾಸ್ ಎ ಬೇರಿಂಗ್ ಆನ್’ ಎಂದು ಬಂದರೆ ಪದವಿ ಓದುವ ಮಕ್ಕಳೂ ತಡವರಿಸುತ್ತಾರೆ.

ಎರಡೂ ಒಂದೇ ಪದ. ಮೂಲ ‘ಬೇರ್’, ಅಂದರೆ ಹೊರು. ಯಂತ್ರದ ಬೇರಿಂಗ್ ತಿರುಗುವ ಶಾಫ್ಟಿನ ಭಾರ ಹೊರುತ್ತದೆ. ಮಾತಿನಲ್ಲಿ ಬಂದಾಗ ಒಂದು ಸಂಗತಿಯ ಭಾರ ಇನ್ನೊಂದರ ಮೇಲೆ ಬೀಳುತ್ತದೆ. ನಮ್ಮ ‘ಭಾರ’, ‘ಭರಿಸು’ ಪದಗಳ ಸಂಸ್ಕೃತ ಧಾತುವೂ ಈ ‘ಬೇರ್’ ಕೂಡ ಒಂದೇ ಬೇರಿನವು. ಇಷ್ಟು ಗೊತ್ತಾದರೆ ಅರ್ಥ ಮರೆಯುವುದಿಲ್ಲ.

ಇದರ ಸೊಗಸು ತಿಳಿಯಲು ಕಾಫಿ ತೋಟಕ್ಕೇ ಬರಬೇಕು. ಬೇಸಿಗೆಯಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಗಿಡ ಬೆಳ್ಳಗೆ ಅರಳುತ್ತದೆ. ಹೊತ್ತಿಗೆ ಸರಿಯಾಗಿ ಬಂದ ಮಳೆ ಫಸಲು ಕೊಡುತ್ತದೆ. ಹೂ ಅರಳಿದ ದಿನವೇ ಜೋರಾಗಿ ಸುರಿದರೆ ಪರಾಗಸ್ಪರ್ಶ ಕೆಟ್ಟು ಕಾಯಿ ಕಚ್ಚುವುದೇ ಕಷ್ಟ. ಆಮೇಲೆ ಬ್ಯಾಕಿಂಗ್ ಮಳೆ, ಅಂದರೆ ಹೂ ಮುಗಿದ ಮೇಲೆ ಬೇಕಾದ ಎರಡನೇ ಮಳೆ, ಬಾರದಿದ್ದರೆ ರೊಬಸ್ಟಾ ಜಾತಿಯ ಕಾಫಿಗೆ ಪೆಟ್ಟು. ಇದನ್ನೆಲ್ಲ ಒಂದೇ ಮಾತಲ್ಲಿ ಹೇಳಬಹುದು: ‘ದ ಟೈಮಿಂಗ್ ಆಫ್ ರೇನ್ ಹ್ಯಾಸ್ ಎ ಡೈರೆಕ್ಟ್ ಬೇರಿಂಗ್ ಆನ್ ದ ಕ್ರಾಪ್.’ ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಎಂದು ಈ ವಾಕ್ಯ ತೀರ್ಪು ಕೊಡುವುದಿಲ್ಲ. ಫಸಲಿನ ಲೆಕ್ಕ ಹಾಕುವಾಗ ಮಳೆಯ ಹೊತ್ತನ್ನು ಬಿಡುವ ಹಾಗಿಲ್ಲ ಅನ್ನುತ್ತದೆ, ಅಷ್ಟೇ. ‘ಅಫೆಕ್ಟ್’ ಎಂದು ಬರೆದರೆ ಎಷ್ಟೋ ಸಲ ಹಾನಿಯ ಛಾಯೆ ಬಂದುಬಿಡುತ್ತದೆ. ವರದಿ ಬರೆಯುವವರಿಗೆ ‘ಬೇರಿಂಗ್’ ಅನ್ನೇ ನಾನು ಒತ್ತಿ ಹೇಳುವುದು ಇದಕ್ಕಾಗಿ.

ತೋಟದ ಗೇಟಿಗೆ ಯಾವ ಬಣ್ಣ ಹೊಡೆದರೂ ಫಸಲಿಗೆ ಸಂಬಂಧವಿಲ್ಲ. ಅಂಥ ಕಡೆ ‘ನೋ ಬೇರಿಂಗ್’.

‘ರೆಲೆವಂಟ್’ ಇದರ ನೆಂಟ. ಎತ್ತಿಕೊಂಡ ಪ್ರಶ್ನೆಗೆ ಹೊಂದುವಂಥದ್ದು, ಪ್ರಸ್ತುತವಾದದ್ದು ಎಂದರ್ಥ. 1872ರ ಸಾಕ್ಷ್ಯ ಕಾಯ್ದೆಯಲ್ಲಿ ಯಾವ ಸಂಗತಿ ‘ರೆಲೆವಂಟ್’ ಎಂಬುದಕ್ಕೇ ಕಲಂಗಳ ಸಾಲಿತ್ತು; 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಆ ಪದ ಉಳಿದಿದೆ. ಬೇರಿಂಗ್ ಮುಂದೆ ‘ಆನ್’, ರೆಲೆವಂಟ್ ಮುಂದೆ ‘ಟು’.

ಹೆಚ್ಚು ಜನ ಎಡವುವುದು ‘ಇನ್‌ಫ್ಲುಯೆನ್ಸ್’ನಲ್ಲಿ. ನಾಮಪದವಾದರೆ ‘ಆನ್’ ಬೇಕು, ಕ್ರಿಯಾಪದವಾದರೆ ಬೇಡ. ‘ಬೆಳೆಯ ಮೇಲೆ ಪ್ರಭಾವ ಬೀರಿತು’ ಅನ್ನುವ ನಮ್ಮ ನಾಲಿಗೆ ‘ಇನ್‌ಫ್ಲುಯೆನ್ಸ್ಡ್ ಆನ್ ದ ಕ್ರಾಪ್’ ಎಂದುಬಿಡುತ್ತದೆ. ಅಲ್ಲಿ ಆ ‘ಮೇಲೆ’ಯನ್ನು ಕನ್ನಡದಲ್ಲೇ ಬಿಟ್ಟು ‘ಇನ್‌ಫ್ಲುಯೆನ್ಸ್ಡ್ ದ ಕ್ರಾಪ್’ ಅನ್ನಬೇಕು.